ಅಣ್ಣ ಮುಟ್ಟಗೊಡದ ಕೇಬಲ್

ಅಣ್ಣಾ,

ನೀನು ಶೂಟ್ ಮಾಡಿದ ಮದುವೆ ವಿಡಿಯೊ ಹುಡುಗಿ ಮನೆಯವರು ಇವತ್ತೇ ಕೇಳಿದ್ದಾರೆ. ಕಾಪಿಗೆ ಹಾಕಿ ಸ್ನಾನಕ್ಕೆ ಹೋಗಬೇಡ, ನೀನು ಟವೆಲ್ ಹುಡುಕುವಷ್ಟರಲ್ಲಿ ಮುಗಿದಿರುತ್ತೆ.

ನೀನು ಹೊಸ ನೆಟ್‌ವರ್ಕ್ ಸ್ವಿಚ್ ತಂದೆ, ಕಂಪ್ಯೂಟರಿಗೆ ಹೊಸ ನೆಟ್‌ವರ್ಕ್ ಕಾರ್ಡ್ ಹಾಕಿಸಿದೆ. ಆದರೂ ವಿಡಿಯೊಗಳನ್ನೆಲ್ಲ ತುಂಬಿಟ್ಟ ಸ್ಟೋರೇಜ್ ಪೆಟ್ಟಿಗೆಯಿಂದ ಫೈಲು ತೆವಳಿಕೊಂಡು ಬರುತ್ತೆ ಅಂತ ಮನೆಯವರ ತಲೆ ತಿಂದೆ. ಆ ಪೆಟ್ಟಿಗೆಯಿಂದ ಬರುವ, ಕಪಾಟಿನ ಹಿಂದಿನ ಕೇಬಲ್ ಮಾತ್ರ ಯಾರಿಗೂ ಮುಟ್ಟಗೊಡಲಿಲ್ಲ. ಕಾಲೇಜಿನಲ್ಲಿ ನೀನೇ ಮಾಡಿದ್ದಲ್ಲವಾ!

ನಿನ್ನೆ ನಾನೇ ಅದನ್ನು ಕಿತ್ತು ಹೊಸದು ಹಾಕಿದೆ. ವೇಗ ಹತ್ತು ಪಟ್ಟು! ನಿನ್ನ ತಂಗಿ ಅಂದರೆ ಏನಂದುಕೊಂಡಿದ್ದೀಯ?

ಊಟಕ್ಕೆ ಕರೆದಾಗ ‘ಕಾಪಿ ಆಗ್ತಿದೆ, ತಡಿ’ ಅನ್ನೋ ನೆಪ ಇನ್ನು ಅಮ್ಮನ ಹತ್ತಿರ ನಡೆಯಲ್ಲ.

ಹಳೇ ಕೇಬಲ್ ಎಸೆದಿಲ್ಲ, ಗಾಬರಿಯಾಗಬೇಡ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಲು ಕಟ್ಟಿದ್ದೇನೆ. ಒದ್ದೆ ಕಂಬಳಿ ಹಾಕಿದರೂ ಜಗ್ಗಿಲ್ಲ. ನಿನ್ನ ಕೈಕೆಲಸ ಗಟ್ಟಿ ಕಣೋ!