ಮುಂದೆ ಗುಂಡಿ ಇರುವ ಅಂಗಿ

ಇವಳೇ,

ನಿನಗೆ ನಿದ್ದೆ ಹತ್ತಿತ್ತು, ಎಬ್ಬಿಸಲಿಲ್ಲ. ನಿನ್ನ ಆಪರೇಷನ್ ಮುಗಿಯುವವರೆಗೆ ನಾನು ಸೈಕಲ್ ಅಂಗಡಿಯಲ್ಲೇ ಮಲಗುತ್ತೇನೆ. ಗಾಬರಿಯಾಗಬೇಡ.

ಮನೆಯವರು ಯಾರೂ ಹೊಸ್ತಿಲು ದಾಟಬಾರದು ಅಂತ ಆಸ್ಪತ್ರೆಯವರು ಹೇಳಿದ್ದರೂ ನಿನ್ನೆ ನಿನ್ನ ಕಣ್ಣು ತಪ್ಪಿಸಿ ಟೈಲರ್ ಹತ್ತಿರ ಹೋಗಿದ್ದೆ. ಎದೆಯ ಗಡ್ಡೆ ತೆಗೆದ ಮೇಲೆ ಕೈ ಎತ್ತುವುದು ಕಷ್ಟವಂತೆ. ಅದಕ್ಕೇ ಮುಂದೆ ಗುಂಡಿ ಇರುವ ಅಂಗಿ ಹೊಲಿಸಿದೆ. ಈಗ ತಾನೇ ಅವನ ಹೆಂಡತಿ ಫೋನ್ ಮಾಡಿದಳು, ಅವನಿಗೆ ಕೊರೋನಾ ಅಂತೆ.

ಆಸ್ಪತ್ರೆಯ ನರ್ಸಮ್ಮನಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. “ಯಜಮಾನ್ರೇ, ಈ ವಯಸ್ಸಲ್ಲಿ ಹೆಂಡ್ತಿಗೆ ಶೋಕಿ ಮಾಡಿಸ್ಬೇಕಿತ್ತಾ?” ಅಂತ ಚೆನ್ನಾಗಿ ಉಗಿದಳು. ನಾನು ದೂರವಿದ್ದು, ಮಂಗಳವಾರ ನಿನ್ನ ಮೂಗಿನ ಟೆಸ್ಟು ಸರಿ ಬಂದರೆ ಆಪರೇಷನ್ ನಿಲ್ಲುವುದಿಲ್ಲವಂತೆ. ಒಂದು ಸಲ ಮುಂದೆ ಹೋದದ್ದೇ ಸಾಕು.

ಮಗಳು ಟೆಸ್ಟು ಮಾಡಿಸಿಕೊಂಡೇ ಬರುತ್ತಾಳೆ. ಹಿತ್ತಲಲ್ಲಿ ಒಗೆದು ಒಣಹಾಕಿದ ಆ ಹೊಸ ಅಂಗಿಯನ್ನು ಅವಳೇ ಮಡಿಸಲಿ. ನನ್ನ ಲೋಟ ಮುಟ್ಟಬೇಡ. ಕಿಟಕಿ ತೆಗೆದಿಡು. ಬೈಯುವುದನ್ನೆಲ್ಲ ಕೂಡಿಟ್ಟುಕೋ, ಆಮೇಲೆ ಕೂತು ಕೇಳುತ್ತೇನೆ.

ಮಗಳು ಹುಟ್ಟಿದ ದಿನವೂ ನನ್ನನ್ನು ಆಸ್ಪತ್ರೆಯ ಒಳಗೆ ಬಿಡಲಿಲ್ಲ. ಕೆಳಗೆ ರಸ್ತೆಯಲ್ಲಿ ನಿಂತು ಸೈಕಲ್ ಬೆಲ್ ಹೊಡೆದಿದ್ದೆ, ನೀನು ಕಿಟಕಿಯಿಂದ ಕೈ ಬೀಸಿದ್ದೆ. ಗುರುವಾರ ನಿನ್ನ ಆಪರೇಷನ್ ದಿನವೂ ಹೊಡೆಯುತ್ತೇನೆ. ಈ ಸಲ ಕೈ ಎತ್ತಬೇಡ, ಕೇಳಿಸಿಕೊಂಡರೆ ಸಾಕು.