ಹೂವಿನ ರಜಾಯಿ ಕಟ್ಟಿದ ಸ್ಕೂಟರ್

ಡಿಸೆಂಬರ್ ೯, ಮಂಗಳವಾರ

ಚಳಿಗಾಳಿ ತಡೆಯಲೆಂದು ಸ್ಕೂಟರಿನ ಮುಂದೆ ಕಟ್ಟಿರುವ ಹೂವಿನ ಚಿತ್ತಾರದ ರಜಾಯಿ ಕಂಡರೆ ನನ್ನ ಮಗಳು ಯಾಟಿಂಗ್‌ಗೆ ನಾಚಿಕೆಯಂತೆ.

"ಅಮ್ಮಾ, ಸ್ಕೂಲ್ ಗೇಟ್ ಹತ್ರ ಬರಬೇಡ, ತಿರುವಲ್ಲೇ ಇಳಿಸು. ನಿಮ್ಮಮ್ಮ ಹಾಸಿಗೆ ಸಮೇತ ಬಂದ್ಲು ಅಂತ ಎಲ್ರೂ ನಗ್ತಾರೆ."

ನಗಲಿ! ಉತ್ತರ ಚೀನಾದ ಜಿನಾನ್‌ನ ಈ ಗಾಳಿಗೆ ನನ್ನ ಮಂಡಿ ಒಪ್ಪಿಸಬೇಕೇ? ನೇರ ಗೇಟಿಗೇ ಒಯ್ದು ಇಳಿಸಿದೆ. ಹಾರ್ನ್ ಬೇರೆ ಹೊಡೆದೆ.

ಸಂಜೆ ಹಿಮ ಬಿತ್ತು. ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ ಬಿಚ್ಚಿ ಒಳಗೆ ತಂದಿಟ್ಟೆ. ಚಳಿಯಲ್ಲಿ ಬಿಟ್ಟರೆ ನಾಳೆ ಅರ್ಧ ದಾರಿಯಲ್ಲೇ ಕೈಕೊಡುತ್ತದೆ. ರಜಾಯಿ ನೆನೆಯದಿರಲೆಂದು ಅದರ ಮೇಲೆ ರೆಕ್ಸಿನ್ ಹೊಲಿಯುತ್ತ ಕೂತಿದ್ದೆ. ಯಾಟಿಂಗ್ ಮೆಲ್ಲಗೆ ಬಂದು ತಣ್ಣಗಿನ ಕಾಲುಗಳನ್ನು ಅದರಡಿ ತೂರಿಸಿದಳು.

"ಅಮ್ಮಾ, ಹಿಂದಿನ ಸೀಟಿಗೂ ಒಂದು ಹೊಲೀತೀಯಾ?"

"ಹೊಲೀತೀನಿ. ಹೂವು ಮಾತ್ರ ಇದಕ್ಕಿಂತ ದೊಡ್ಡದು!"