ಲಾವಕ್ಕಿಗಳಿಗೆ ಆರು ಮನೆ

ಚಿಕ್ಕಲಸಂದ್ರ,
೧೪-೮-೧೯೬೧, ಸೋಮವಾರ ಬೆಳಿಗ್ಗೆ

ಪ್ರೀತಿಯ ನಾರಾಯಣಮ್ಮನಿಗೆ,

ಒಂದು ಕಾಲದಲ್ಲಿ ನಾಟಕ ಕಂಪನಿಯ ರಾಜಾಪಾರ್ಟು, ಈಗ ಮೂರು ವರ್ಷದ ಮಗಳಿಗೂ ಆರು ಲಾವಕ್ಕಿಗಳಿಗೂ ಕಾವಲುಗಾರನಾದ ನಿನ್ನ ಗಂಡ ಬೋರಣ್ಣ ಮಾಡುವ ವಿಜ್ಞಾಪನೆ. ನಿನ್ನ ಕೆಮ್ಮು ವಾಸಿಯಾಯಿತೇ? ಹಾಸ್ಟೆಲಿನ ಸಾರಿನಲ್ಲಿ ಬೇಳೆ ಕಾಣುವುದಿಲ್ಲವೆಂದು ಬರೆದಿದ್ದೆ, ಈಗಲಾದರೂ ದರ್ಶನ ಕೊಟ್ಟಿತೇ? ನಿನ್ನ ಕಾಗದ ಶುಕ್ರವಾರ ತಲುಪಿತು. ಅಮ್ಮಣ್ಣಿಯನ್ನು ಬಿಟ್ಟಿರಲು ಆಗುತ್ತಿಲ್ಲ, ನರ್ಸ್ ತರಬೇತಿ ಸಾಕು, ಬರುವ ಶನಿವಾರ ಮೈಸೂರಿನಿಂದ ಹೊರಟುಬಿಡುತ್ತೇನೆ ಎಂದಿದ್ದೀಯೆ. ಪರೀಕ್ಷೆಗೆ ಇರುವುದು ಎರಡೇ ತಿಂಗಳು. ಇದಕ್ಕೆ ಉತ್ತರ ಕೊಡದೆ ಈ ಕಾಗದ ಮುಗಿಸುವುದಿಲ್ಲ. ಆದರೆ ಮೊದಲು ಹಕ್ಕಿಗಳ ಸಂಗತಿ ಕೇಳು. ಪರದೆ ಏಳುವ ಮೊದಲೇ ಕೊನೆಯ ದೃಶ್ಯ ಹೇಳಿಬಿಡುವ ಅಭ್ಯಾಸ ನನಗಿಲ್ಲ.

ಪುಟ್ಟೇನಹಳ್ಳಿ ಕೆರೆಯಂಗಳದಲ್ಲಿ ಉರುಳು ಹಾಕುವ ಚಿಕ್ಕಬೈರಪ್ಪ ಆರು ಹಕ್ಕಿ ತಂದುಕೊಟ್ಟನೆಂದು ಹಿಂದೆಯೇ ಬರೆದಿದ್ದೆ. ಹಿತ್ತಲಲ್ಲಿ ಅವುಗಳ ಸಂತಾನ ಬೆಳೆಸಬೇಕೆಂಬುದು ನನ್ನ ಹಂಚಿಕೆ. ಮೊದಲ ದಿನ ಕೋಳಿಗೂಡಿಗೆ ಬಿಟ್ಟೆ, ಅದೇ ತಪ್ಪಾಯಿತು. ಈ ಹಕ್ಕಿ ಬೆದರಿದರೆ ಪಕ್ಕಕ್ಕೆ ಓಡುವುದಿಲ್ಲ, ಬಾಣದ ಹಾಗೆ ನೆಟ್ಟಗೆ ಮೇಲಕ್ಕೆ ಹಾರುತ್ತದೆ. ಒಂದು ಹಾಗೇ ಹಾರಿ ಹಲಗೆಗೆ ಬಡಿದು ನೆತ್ತಿ ಸುಲಿದುಕೊಂಡಿತು. ಅರಿಸಿನ ಮೆತ್ತಿ ಉಳಿಸಿಕೊಂಡೆ. ಆಮೇಲೆ ಟೀಪುಡಿಯ ಹಳೇ ಪೆಟ್ಟಿಗೆಗಳನ್ನು ಬಿಚ್ಚಿ ನಾಲ್ಕಡಿ ಉದ್ದ, ಎರಡಡಿ ಅಗಲದ ಎರಡು ಗೂಡು ಕಟ್ಟಿದೆ. ಎತ್ತರ ಒಂದೇ ಅಡಿ, ಹಾರಲು ಓಟ ಸಿಗದಷ್ಟು. ಮೇಲೆ ಹಲಗೆಯ ಬದಲು ಗೋಣಿತಟ್ಟು ಬಿಗಿದಿದ್ದೇನೆ. ಕೆಳಗೆ ಒಣಮರಳು, ಮೂಲೆಯಲ್ಲಿ ಅವಿತುಕೊಳ್ಳಲು ಹುಲ್ಲಿನ ಬುಡಗಳು. ಎರಡು ಗೂಡಿನ ನಡುವೆ ಒಂದು ತಗಡು, ಏಕೆಂದರೆ ದೊಡ್ಡ ಹಕ್ಕಿಗಳೆರಡೂ ಒಂದನ್ನೊಂದು ಕಂಡರೆ ಇಡೀ ದಿನ ಕಾಲು ಕೆರೆದು ಜಗಳಕ್ಕೆ ನಿಲ್ಲುತ್ತವೆ.

ಮನೆಯಾದ ಮೇಲೆ ಪಾತ್ರ ಹಂಚಿದೆ. ಎರಡಕ್ಕೆ ಗಂಟಲು ಕಪ್ಪು, ಮೈ ದೊಡ್ಡದು, ಬೆಳಗಾದರೆ ಎದೆಯುಬ್ಬಿಸಿ ದೂರದ ಮೋಟರ್ ಸೈಕಲ್ಲಿನಂತೆ ಗುಡುಗುಡು ಸದ್ದು. ಇವು ರಾಜಾಪಾರ್ಟು, ಅಂದರೆ ಗಂಡು ಎಂದುಕೊಂಡೆ. ಮಿಕ್ಕ ನಾಲ್ಕು ಸಣ್ಣವು, ಮಣ್ಣು ಬಣ್ಣ, ಬಾಯೇ ಇಲ್ಲ, ಇವು ಹೆಣ್ಣು. ಒಂದು ಗಂಡಿಗೆ ಎರಡು ಹೆಣ್ಣಿನಂತೆ ಎರಡು ಸಂಸಾರ ಹೂಡಿದೆ. ಹದಿನೆಂಟು ದಿನಕ್ಕೆ ಹುಲ್ಲಿನ ಬುಡದಲ್ಲಿ ಮೊಟ್ಟೆ ಕಂಡವು. ನಾಲ್ಕನೆಯದನ್ನು ಇಡುವಾಗ ನಾನೇ ಇಣುಕಿ ನೋಡಿದೆ. ಇಡುತ್ತಿದ್ದದ್ದು ನನ್ನ ರಾಜಾಪಾರ್ಟು. ಮೀಸೆ ಬರುವವರೆಗೆ ಸೀರೆಯುಟ್ಟು ಸ್ತ್ರೀಪಾರ್ಟು ಮಾಡಿದವನು ನಾನು, ವೇಷ ನೋಡಿ ಮೋಸಹೋದೆನಲ್ಲ ಎಂದು ಅಲ್ಲೇ ಕುಳಿತುಬಿಟ್ಟೆ.

ಚಿಕ್ಕಬೈರಪ್ಪನನ್ನು ಕರೆಸಿದೆ. ಅವನು ಹಕ್ಕಿಯ ಕಾಲು ಹಿಡಿದು ತೋರಿಸಿ, "ಮೂರೇ ಬೆರಳು ನೋಡ್ ಗುರುವೇ, ಬ್ಯಾರೆ ಲಾವಕ್ಕಿಗಾದ್ರೆ ನಾಕು. ಈ ಜಾತೀಲಿ ಕಪ್ ಗಂಟ್ಲುದ್ದೇ ಹೆಣ್ಣು. ಮೊಟ್ಟೆ ಇಕ್ಕಿ ಅವ್ಳು ಹೊಂಟೋಯ್ತಾಳೆ. ಕಾವ್ ಕೂತು ಮರಿ ಸಾಕಾದು ಗಂಡೇಯ" ಎಂದ. ಅರೆಕೆರೆಯಿಂದ ಬಂದಿದ್ದ ನಿಮ್ಮವ್ವ ಬೈರಮ್ಮನವರು ಜಗಲಿಯ ಮೇಲೆ ಕಡಲೆಕಾಯಿ ಬಿಡಿಸುತ್ತಿದ್ದರು. ತಲೆ ಎತ್ತದೆಯೇ, "ಅಂಗಾರೆ ಅಳಿಯಂದ್ರ ಕುಲದ್ದೇ ಅನ್ನಿ" ಎಂದರು. ಚಿಕ್ಕಬೈರಪ್ಪ ನಗು ತಡೆಯಲಾರದೆ ಬೇಲಿ ಕಡೆ ತಿರುಗಿದ. ನಾನು ಅಮ್ಮಣ್ಣಿಗೆ ತಲೆ ಬಾಚುತ್ತಿದ್ದೆ, ಸಿಕ್ಕು ಬಹಳವಿತ್ತು.

ಹೀಗಾಗಿ ಹಂಚಿಕೆಯನ್ನೆಲ್ಲ ತಲೆಕೆಳಗು ಮಾಡಬೇಕಾಯಿತು. ಈಗ ನಾಲ್ಕು ಗಂಡಿಗೂ ಒಂದೊಂದು ಬೇರೆ ಗೂಡು, ಹೆಣ್ಣುಗಳಿಗೆ ತಮ್ಮದೇ ಒಂದೊಂದು. ಹೆಣ್ಣನ್ನು ಒಂದು ಗಂಡಿನ ಜೊತೆ ಬಿಡುವುದು, ನಾಲ್ಕು ಮೊಟ್ಟೆಯಾದೊಡನೆ ಎತ್ತಿಕೊಂಡು ಅವಳ ಗೂಡಿಗೆ, ನಾಲ್ಕು ದಿನ ಬಿಟ್ಟು ಎರಡನೆಯ ಗಂಡಿನ ಮನೆಗೆ. ಕಾವು ಕುಳಿತವನ ಹತ್ತಿರ ಇನ್ನೊಂದು ಹಕ್ಕಿ ಸುಳಿಯಬಾರದು. ಮೊದಲ ಗೂಡಿನಲ್ಲಿ ಹದಿಮೂರನೇ ದಿನಕ್ಕೆ ಮೂರು ಮರಿ ಎದ್ದವು, ಗಾತ್ರ ಒಂದು ಜೀರುಂಡೆಯಷ್ಟು. ಸಂದಿಯಲ್ಲಿ ನುಸುಳದಂತೆ ಕೆಳಗೆ ಸುತ್ತಲೂ ನಮ್ಮ ಹರಿದ ಸೊಳ್ಳೆಪರದೆ ಹೊಡೆದಿದ್ದೇನೆ; ಬಂದಮೇಲೆ ಅದಕ್ಕಾಗಿ ಹುಡುಕಬೇಡ. ನೀರಿನ ತಟ್ಟೆಯಲ್ಲಿ ಮುಳುಗದಂತೆ ಬೆಣಚುಕಲ್ಲು ತುಂಬಿದ್ದೇನೆ. ಗೆದ್ದಲು ತಂದು ಹಾಕುತ್ತೇನೆ, ಅಪ್ಪಹಕ್ಕಿ ಕೊಕ್ಕಿನಲ್ಲಿ ಹಿಡಿದು ಒಂದೊಂದು ಮರಿಗೂ ಕೊಡುತ್ತದೆ.

ಈಗ ನಿನ್ನ ಮಾತಿಗೆ ಉತ್ತರ. ಬರಬೇಡ. ಅಕ್ಟೋಬರಿನಲ್ಲಿ ಪರೀಕ್ಷೆ ಬರೆದು, ಕೈಯಲ್ಲಿ ಸರ್ಟಿಫಿಕೇಟು ಹಿಡಿದು ಬಾ. ಅಮ್ಮಣ್ಣಿ ಮುದ್ದೆ ನುಂಗುವುದನ್ನು ಕಲಿತಿದ್ದಾಳೆ. ನನ್ನನ್ನು ಮೂರು ಸಲ "ಅವ್ವಾ" ಎಂದು ಕರೆದು, ತಾನೇ ತಿದ್ದಿಕೊಂಡಳು. ಅವಳು ನಿನ್ನನ್ನು ಕೇಳುವುದೇ ಇಲ್ಲವೆಂದು ಸುಳ್ಳು ಬರೆಯಲಾರೆ. ಸಂಜೆ ಹೊತ್ತು ಕೇಳುತ್ತಾಳೆ, ಎತ್ತಿಕೊಂಡು ದನ ಬರುವ ದಾರಿಯವರೆಗೆ ಹೋಗಿಬರುತ್ತೇನೆ, ಅಷ್ಟರಲ್ಲಿ ಸರಿಹೋಗುತ್ತಾಳೆ. ಕಷಾಯ ಕುಡಿ, ಬೆಳಕಿದ್ದಾಗಲೇ ಓದು. ನಿನ್ನ ಕೋಣೆಯ ಗೆಳತಿ ಸಿದ್ದಗಂಗಮ್ಮನಿಗೆ ನಮ್ಮೆಲ್ಲರ ನೆನಪು ಹೇಳು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತು ನಿನ್ನವ,
ಬೋರಣ್ಣ

ತಾ.ಕ.: ಟಪಾಲಿನವನು ಬೇಲಿ ಹತ್ತಿರ ಬಂದ, ಬೇಗ ಬರೆಯುತ್ತೇನೆ. ಈ ತಿಂಗಳ ಮೊದಲಲ್ಲಿ ಅಮ್ಮಣ್ಣಿಗೆ ದಡಾರ ಎದ್ದಿತ್ತು. ಒಂಬತ್ತು ದಿನ, ಜ್ವರವೂ ಜೋರಾಗಿತ್ತು. ಡಾಕ್ಟರಿಗೆ ಎರಡು ಸಲ ತೋರಿಸಿದೆ. ಮೊನ್ನೆ ಬೇವಿನ ಸೊಪ್ಪು ಹಾಕಿ ತಲೆಗೆ ನೀರೆರೆದೆವು. ಈಗ ಹಿತ್ತಲಲ್ಲಿ ಓಡಾಡುತ್ತಿದ್ದಾಳೆ. ನಿನಗೆ ತಂತಿ ಕೊಡಲೆಂದು ಮೂರನೇ ದಿನ ಅಂಗಿ ತೊಟ್ಟು ಹೊರಟಿದ್ದೆ. ನಿನ್ನನ್ನು ಕರೆಸಿ ಎಂದು ಆರು ತಿಂಗಳಿಂದ ನನ್ನ ಕಿವಿ ತಿಂದ ನಿಮ್ಮವ್ವನೇ ಬಾಗಿಲಿಗೆ ಅಡ್ಡ ನಿಂತು, "ಬ್ಯಾಡಿ, ಓಡ್ ಬಂದ್ಬುಡ್ತಾಳೆ. ನಾವಿಬ್ರಿಲ್ವಾ? ಅವ್ಳು ಓದ್ಲಿ" ಎಂದರು. ಮುಚ್ಚಿಟ್ಟದ್ದಕ್ಕೆ ಬೈಯುವುದಿದ್ದರೆ ಪರೀಕ್ಷೆ ಮುಗಿಸಿ ಬಂದು ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ಬೈ.